ಕೌದಿಯ ಲೆಕ್ಕ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿನಿ)

“ಹಾಸಿಗೆ ಇದ್ದಷ್ಟು ಕಾಲು ಚಾಚು” ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ಯಾರೂ ಇರಲಾರರು. ಇದ್ದುದರಲ್ಲಿ ಬಾಳುವುದನ್ನು ಕಲಿಯಬೇಕೆಂಬ ನೀತಿ ಅದರಲ್ಲಿದೆ. ಆದರೆ ಆ ಹಾಸಿಗೆಯನ್ನು ಹೊಲಿದವರು ಯಾರು, ಅದು ಇಷ್ಟೇ ಉದ್ದವಾದುದೇಕೆ, ಅಷ್ಟೇ ಬಟ್ಟೆಯಲ್ಲಿ ಇನ್ನೊಂದು ಗೇಣು ಉದ್ದ ಮಾಡಲು ಬರುತ್ತಿತ್ತೇ ಎಂಬ ಪ್ರಶ್ನೆಗಳನ್ನು ಗಾದೆಯು ಎತ್ತುವುದಿಲ್ಲ. ಕಾಲು ಚಾಚುವವರ ಜಾಣತನವನ್ನು ಅದು ಹೇಳುತ್ತದೆ. ಹಾಸಿಗೆ ಹೊಲಿಯುವವರ ಜಾಣತನವನ್ನು ಹೇಳುವುದಿಲ್ಲ. ಈ ಎರಡನೆಯ ಜಾಣತನವನ್ನು ಕುರಿತು ನನಗೆ ತಿಳಿದ ನಾಲ್ಕು ಮಾತುಗಳನ್ನು ನನ್ನ ಸಹಪಾಠಿಗಳ ಮತ್ತು ಗುರುಗಳ ಮುಂದಿಡಬೇಕೆಂಬುದೇ ಈ ಲೇಖನದ ಉದ್ದೇಶ.

ಧಾರವಾಡ, ಬೆಳಗಾವಿ, ಬಾಗಲಕೋಟೆ, ವಿಜಯಪುರಗಳ ಕಡೆಯವರಿಗೆ ಕೌದಿಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಬೇರೆ ಸೀಮೆಯಿಂದ ಬಂದ ಮಿತ್ರರಿಗಾಗಿ ಸಂಕ್ಷೇಪವಾಗಿ ಹೇಳುವೆನು. ಕೆಳಗೆ ಒಂದು ಹಳೆಯ ಸೀರೆ, ನಡುವೆ ಹರಿದ ಧೋತರ ಸೀರೆಗಳ ಒಂದೆರಡು ಪದರು, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಕೂಡಿಸಿ ಮಾಡಿದ ಇನ್ನೊಂದು ಪದರು. ಇವೆಲ್ಲವನ್ನೂ ಸೇರಿಸಿ ಸೂಜಿಯಿಂದ ಒತ್ತೊತ್ತಾಗಿ, ಸಾಲುಸಾಲಾಗಿ ಹೊಲಿದರೆ ಅದೇ ಕೌದಿ. ಹಾಸಲೂ ಅದೇ, ಹೊದೆಯಲೂ ಅದೇ, ಎಳೆಗೂಸನ್ನು ಮಲಗಿಸಲೂ ಅದೇ. ಇಂಥ ಹೊದಿಕೆಗೆ ಮಹಾರಾಷ್ಟ್ರದವರು ಗೋಧಡಿ ಎನ್ನುತ್ತಾರೆ. ಬಂಗಾಳದ ಕಾಂಥಾ, ಬಿಹಾರದ ಸುಜನಿ, ಸಿಂಧ್ ಮತ್ತು ರಾಜಸ್ಥಾನಗಳ ರಲ್ಲಿ ಇವೆಲ್ಲವೂ ಇದೇ ಬಳಗಕ್ಕೆ ಸೇರಿದವು. ತುಂಡುಗಳನ್ನು ಕೂಡಿಸಿ ಹೊಲಿದ ಬಟ್ಟೆಗೆ ಸಂಸ್ಕೃತದಲ್ಲಿ ‘ಕಂಥಾ’ ಎಂಬ ಹೆಸರಿರುವುದನ್ನು ನೋಡಿದರೆ, ಹರಿದುದನ್ನು ಎಸೆಯದೆ ಕೂಡಿಸಿಕೊಳ್ಳುವ ಈ ವಿದ್ಯೆಯು ಬಹು ಹಳೆಯದೆಂದು ತಿಳಿಯುತ್ತದೆ.

ಕೌದಿಯು ಹಳೆಯ ಬಟ್ಟೆಯಿಂದ ಆಗುವುದರಿಂದ ಅದರಲ್ಲಿ ನಷ್ಟವೆಂಬುದೇ ಇಲ್ಲವೆಂದು ಸಾಮಾನ್ಯವಾಗಿ ಜನರು ತಿಳಿದಿರುತ್ತಾರೆ. ಚಿಂದಿಯಲ್ಲಿ ಚಿಂದಿ ಹೋದರೆ ಕಳೆದುಕೊಂಡದ್ದೇನು ಎಂಬುದು ಅವರ ವಾದ. ಈ ಮಾತು ಹಿಂದೆ ಸ್ವಲ್ಪಮಟ್ಟಿಗೆ ನಿಜವಾಗಿದ್ದೀತು. ನನ್ನ ಅವ್ವ ಹಾಗೂ ಚಿಗವ್ವ ಇಬ್ಬರೂ ಕೌದಿ ಹೊಲಿದುಕೊಡುವವರು. ಅವರ ಕೂಲಿಯಿಂದಲೇ ನನ್ನ ಕಾಲೇಜಿನ ಶುಲ್ಕವೂ ಸಂದಾಯವಾಗುತ್ತದೆ. ಮೊದಲು ಅವರ ಬಳಿಗೆ ಬರುತ್ತಿದ್ದವರು ತಮ್ಮ ಮನೆಯ ಹಳೆಯ ಬಟ್ಟೆಗಳ ಗಂಟನ್ನು ತಂದು ಹಾಕಿ, “ಇದರಾಗ ಎಷ್ಟ ದೊಡ್ಡದಾಗ್ತೈತಿ ಅಷ್ಟ ಮಾಡ್ರಿ” ಎಂದು ಹೇಳಿ ಹೋಗುತ್ತಿದ್ದರು. ಈಗ ಪೇಟೆಯ ಅಂಗಡಿಯವರು ಹೊಸ ಬಟ್ಟೆಯನ್ನು ಅಳೆದು ಕೊಡುತ್ತಾರೆ. ಉದ್ದ ಇಷ್ಟು, ಅಗಲ ಇಷ್ಟು, ಚೌಕ ಇಷ್ಟಿರಬೇಕೆಂದು ಚಿತ್ರವನ್ನೂ ಕೊಡುತ್ತಾರೆ. ಬಟ್ಟೆ ಸಾಲದೆ ಬಂದರೆ ಆ ಕೊರತೆಯ ಬೆಲೆಯನ್ನು ಕೂಲಿಯಲ್ಲಿ ಮುರಿದುಕೊಳ್ಳುತ್ತಾರೆ. ಹಳೆಯ ಬಟ್ಟೆಯ ಕೌದಿಯಲ್ಲಿ ಹಾಳಾಗುತ್ತಿದ್ದುದು ಚಿಂದಿ. ಹೊಸ ಬಟ್ಟೆಯ ಕೌದಿಯಲ್ಲಿ ಹಾಳಾಗುವುದು ಹೊಲಿಯುವವಳ ದುಡಿಮೆ. ಆದುದರಿಂದಲೇ ಈ ಲೆಕ್ಕವನ್ನು ಚೆನ್ನಾಗಿ ತಿಳಿದುಕೊಳ್ಳುವ ಅಗತ್ಯವು ಬಂದೊದಗಿದೆ.

ಹಾಗಾದರೆ ಬಟ್ಟೆಯು ಎಲ್ಲಿ ಹೋಗುತ್ತದೆ? ಕತ್ತರಿಯಿಂದ ಉದುರಿದ ಚೂರುಗಳಲ್ಲಿ ಎಂದು ಮೊದಲ ನೋಟಕ್ಕೆ ತೋರುತ್ತದೆ. ನಿಜವಾಗಿ ಹೆಚ್ಚಿನ ಬಟ್ಟೆ ಹೋಗುವುದು ಕಣ್ಣಿಗೆ ಕಾಣದ ಕಡೆಯಲ್ಲಿ, ಅಂದರೆ ಹೊಲಿಗೆಯ ಒಳಗೆ. ಎರಡು ತುಂಡುಗಳನ್ನು ಕೂಡಿಸುವಾಗ ಪ್ರತಿಯೊಂದರ ಅಂಚಿನಲ್ಲಿಯೂ ಕಾಲು ಇಂಚಿನಷ್ಟು ಬಟ್ಟೆ ಒಳಕ್ಕೆ ಸರಿಯುತ್ತದೆ. ಅದಕ್ಕಿಂತ ಕಡಿಮೆ ಬಿಟ್ಟರೆ ಎಳೆ ಬಿಚ್ಚಿಕೊಂಡು ಹೊಲಿಗೆ ಕಿತ್ತುಬರುವುದು. ಹೆಚ್ಚು ಬಿಟ್ಟರೆ ಬಟ್ಟೆಯೂ ಹಾಳು, ಮಲಗಿದವರ ಬೆನ್ನಿಗೂ ಗಂಟು. ನಮ್ಮ ಅವ್ವ ಇಂಚುಪಟ್ಟಿಯನ್ನು ಹಿಡಿಯುವುದಿಲ್ಲ. “ಜೋಳದ ಕಾಳಿಗಿಂತ ತುಸು ಹೆಚ್ಚು” ಎಂಬುದು ಅವಳ ಅಳತೆ. ನಾನು ಅಳೆದು ನೋಡಿದಾಗಲೆಲ್ಲ ಅದು ಕಾಲು ಇಂಚೇ ಆಗಿರುತ್ತದೆ.

ಚೌಕಕ್ಕೆ ನಾಲ್ಕು ಅಂಚುಗಳಿರುವುದರಿಂದ, ಮೇಲೆ 3 ಇಂಚು ಕಾಣಬೇಕಾದ ಚೌಕವನ್ನು 3½ ಇಂಚು ಕತ್ತರಿಸಬೇಕು. ಕತ್ತರಿಸಿದ ಬಟ್ಟೆ 12¼ ಚದರ ಇಂಚು. ಕಣ್ಣಿಗೆ ಕಾಣುವುದು 9 ಚದರ ಇಂಚು. ನೂರಕ್ಕೆ ಇಪ್ಪತ್ತಾರೂವರೆ ಪಾಲು ಹೊಲಿಗೆಯೊಳಗೆ ಹೋಯಿತು. ಕಾಣುವ ಚೌಕವು 2 ಇಂಚಿನದಾದರೆ ಕತ್ತರಿಸುವುದು 2½ ಇಂಚು. ಆಗ ನೂರಕ್ಕೆ ಮೂವತ್ತಾರು ಪಾಲು ನಷ್ಟ. ಕಾಣುವ ಚೌಕ 6 ಇಂಚಿನದಾದರೆ ಕತ್ತರಿಸುವುದು 6½ ಇಂಚು. ನಷ್ಟ ನೂರಕ್ಕೆ ಹದಿನೈದಕ್ಕಿಂತ ತುಸು ಕಡಿಮೆ. ಒಂದೇ ಅಳತೆಯ ಕೌದಿಯನ್ನು ದೊಡ್ಡ ಚೌಕಗಳಿಂದ ಮಾಡುವುದಕ್ಕೂ ಚಿಕ್ಕ ಚೌಕಗಳಿಂದ ಮಾಡುವುದಕ್ಕೂ ಎಷ್ಟು ಅಂತರವೆಂಬುದನ್ನು ವಾಚಕರು ಇದರಿಂದ ಊಹಿಸಿಕೊಳ್ಳಬಹುದು. ತುಂಡು ಚಿಕ್ಕದಾದಷ್ಟೂ ಹೊಲಿಗೆಯ ಹೊಟ್ಟೆ ದೊಡ್ಡದಾಗುತ್ತದೆ.

ಇದರಿಂದ ಮೊದಲನೆಯ ನಿಯಮವು ತಾನಾಗಿಯೇ ಹೊರಡುತ್ತದೆ. ದೊಡ್ಡ ತುಂಡನ್ನು ಅಂದಕ್ಕಾಗಿ ಚಿಕ್ಕದು ಮಾಡಬಾರದು. ಚಿಕ್ಕ ತುಂಡು ತಾನಾಗಿ ಬಂದಾಗ ಮಾತ್ರ ಚಿಕ್ಕ ಚೌಕ ಮಾಡಬೇಕು. ಸಿಂಪಿಗರ ಅಂಗಡಿಯಿಂದ ತಂದ ಚೂರುಗಳಲ್ಲಿ ಒಂದು ಅಂಗೈಯಗಲ, ಇನ್ನೊಂದು ಬೆರಳಗಲ. ಇಂಥವನ್ನು ವಿಂಗಡಿಸಲು ನಮ್ಮ ಮನೆಯಲ್ಲಿ ರಟ್ಟಿನ ಮೂರು ಚೌಕಗಳನ್ನು ಇಟ್ಟುಕೊಂಡಿದ್ದೇವೆ: 6½ ಇಂಚು, 3½ ಇಂಚು, 2 ಇಂಚು. ಚೂರಿನ ಮೇಲೆ ಮೊದಲು ದೊಡ್ಡ ರಟ್ಟನ್ನು ಇಟ್ಟು ನೋಡುವುದು, ಕೂಡದಿದ್ದರೆ ನಡುವಣದು, ಅದೂ ಕೂಡದಿದ್ದರೆ ಚಿಕ್ಕದು. ಅದಕ್ಕೂ ಕೂಡದ ಚೂರುಗಳು ತಲೆದಿಂಬಿನೊಳಕ್ಕೆ ಹೋಗುತ್ತವೆ.

ಈ ಮೂರು ಅಳತೆಗಳನ್ನು ಮನಬಂದಂತೆ ಆರಿಸಿದ್ದಲ್ಲ. 2 ಇಂಚಿನ ಎರಡು ಚೌಕಗಳು ಸೇರಿದರೆ 4 ಇಂಚು. ನಡುವಣ ಹೊಲಿಗೆಯು ಅರ್ಧ ಇಂಚನ್ನು ನುಂಗಿದರೆ ಉಳಿಯುವುದು 3½. ಆದ್ದರಿಂದ 2 ಇಂಚಿನ ನಾಲ್ಕು ಚೌಕಗಳು ಕೂಡಿದರೆ ಕೂದಲೆಳೆಯ ಅಂತರವಿಲ್ಲದೆ 3½ ಇಂಚಿನ ಒಂದು ಚೌಕವಾಗುತ್ತದೆ. ಅದರಂತೆಯೇ 3½ ಇಂಚಿನ ಎರಡು ಕೂಡಿದರೆ 7, ಅರ್ಧ ಕಳೆದರೆ 6½. ನಾಲ್ಕು ಕೂಡಿದರೆ 6½ ಇಂಚಿನ ಚೌಕ. ಚಿಕ್ಕವು ನಾಲ್ಕು ಸೇರಿ ನಡುವಣದರ ಜಾಗದಲ್ಲಿ ಕೂಡುತ್ತವೆ. ನಡುವಣವು ನಾಲ್ಕು ಸೇರಿ ದೊಡ್ಡದರ ಜಾಗದಲ್ಲಿ ಕೂಡುತ್ತವೆ. ಯಾವ ಚೂರೂ ಅನಾಥವಾಗುವುದಿಲ್ಲ. “ಹನಿಹನಿಗೂಡಿದರೆ ಹಳ್ಳ, ತೆನೆತೆನೆಗೂಡಿದರೆ ಬಳ್ಳ” ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನು ಕಂಡಿಲ್ಲ. ನಾಲ್ಕು ತುಂಡು ಕೂಡಿದ ಇಂಥ ಚೌಕಕ್ಕೆ ನಮ್ಮಲ್ಲಿ, ಪಗಡೆಯ ಹಾಸಿನಲ್ಲಿ ಹೇಳುವಂತೆ, ‘ಮನೆ’ ಎನ್ನುವುದು ರೂಢಿ. ಮುಂದೆ ಈ ಲೇಖನದಲ್ಲಿಯೂ ಅದೇ ಹೆಸರನ್ನು ಬಳಸುವೆನು.

ಬಟ್ಟೆಯನ್ನು ಕತ್ತರಿಸುವ ಮೊದಲೇ ಮಾಡಬೇಕಾದ ಎರಡು ಕೆಲಸಗಳುಂಟು. ಹೊಸ ಹತ್ತಿಯ ಬಟ್ಟೆಯನ್ನು ನೀರಿನಲ್ಲಿ ತೊಯಿಸಿ ಒಣಗಿಸಿ ಆಮೇಲೆಯೇ ಅಳೆಯಬೇಕು. ಇಲ್ಲವಾದರೆ ಹೊಲಿದ ಮೇಲೆ ಒಂದು ತುಂಡು ಕುಗ್ಗಿ, ಪಕ್ಕದ ತುಂಡು ಕುಗ್ಗದೆ, ಕೌದಿಯು ಮುದುರಿಕೊಳ್ಳುತ್ತದೆ. ಹಳೆಯ ಬಟ್ಟೆಯನ್ನಾದರೆ ಬೆಳಕಿಗೆ ಹಿಡಿದು ನೋಡಬೇಕು. ಜರಡಿಯಂತೆ ಬೆಳಕು ತೂರಿಬಂದ ಕಡೆಯನ್ನು ಮೇಲಿನ ಪದರಿಗೆ ತೆಗೆದುಕೊಳ್ಳಬಾರದು. ಅದು ಒಳಗಿನ ಪದರಿಗೆ ತಕ್ಕದ್ದು. ಸೀರೆಯ ಮೈ ಜೀರ್ಣವಾದರೂ ಅದರ ಅಂಚು ಗಟ್ಟಿಯಾಗಿರುವುದುಂಟು. “ಸೀರಿ ಹರಿದರೂ ದಡಿ ಹರಿಯೂದಿಲ್ಲ” ಎಂದು ಚಿಗವ್ವ ಹೇಳುತ್ತಾಳೆ. ಆ ದಡಿಯನ್ನು ಅವಳು ಕೌದಿಯ ನಾಲ್ಕೂ ಬದಿಗೆ ಕಟ್ಟಾಗಿ ಹಚ್ಚುತ್ತಾಳೆ. ತಿಕ್ಕಾಟ ಹೆಚ್ಚಾಗುವುದು ಬದಿಯಲ್ಲಿಯೇ ಅಲ್ಲವೇ?

ಇನ್ನು ತ್ರಿಕೋನಗಳ ಮಾತು. ಎರಡು ಬಣ್ಣದ ಎರಡು ತ್ರಿಕೋನಗಳು ಸೇರಿ ಒಂದು ಚೌಕವಾದರೆ ಕಣ್ಣಿಗೆ ಬಹಳ ಅಂದ. ಆದರೆ ಅದು ದುಬಾರಿಯ ಅಂದ. 3½ ಇಂಚಿನ ಚೌಕವನ್ನೇ ಮೂಲೆಯಿಂದ ಮೂಲೆಗೆ ಕತ್ತರಿಸಿ ಕೂಡಿಸಿದರೆ ಬಂದ ಚೌಕವು ಚಿಕ್ಕದಾಗುತ್ತದೆ. ಏಕೆಂದರೆ ಓರೆಯ ಅಂಚಿಗೂ ಹೊಲಿಗೆಯ ಪಾಲು ಬೇಕು. ರೇಖಾಗಣಿತವನ್ನು ಓದಿದ ಮಿತ್ರರು ಇದನ್ನು ತಾವೇ ಸಾಧಿಸಿ ನೋಡಬಹುದು. ಎರಡು ಬಾಹುಗಳು ಸಮವಾಗಿರುವ ಲಂಬಕೋನ ತ್ರಿಕೋನದ ಸುತ್ತಲೂ ಕಾಲು ಇಂಚು ಅಂಚು ಬಿಟ್ಟರೆ, ಅದರ ಸಮಬಾಹುವು ಕಾಲು ಇಂಚನ್ನು ‘2 ಕೂಡಿಸು 2ರ ವರ್ಗಮೂಲ’ದಿಂದ ಗುಣಿಸಿದಷ್ಟು, ಅಂದರೆ 0.85 ಇಂಚಿನಷ್ಟು, ಬೆಳೆಯುತ್ತದೆ. ಇಂಚುಪಟ್ಟಿಯಲ್ಲಿ ಅದಕ್ಕೆ ಹತ್ತಿರದ ಗೆರೆ ⅞. ಆದ್ದರಿಂದ 3 ಇಂಚು ಕಾಣಬೇಕಾದರೆ 3⅞ ಇಂಚಿನ ಚೌಕವನ್ನು ಕತ್ತರಿಸಿ ಎರಡು ತ್ರಿಕೋನ ಮಾಡಬೇಕು. ಆಗ ಬಟ್ಟೆಯಲ್ಲಿ ನೂರಕ್ಕೆ ನಲವತ್ತು ಪಾಲು ಹೊಲಿಗೆಯೊಳಗೆ ಅಡಗುತ್ತದೆ. ಬರಿಯ ಚೌಕದಲ್ಲಿ ಇಪ್ಪತ್ತಾರೂವರೆ ಇದ್ದುದನ್ನು ನೆನಪಿಸಿಕೊಳ್ಳಿರಿ.

ತ್ರಿಕೋನವನ್ನು ಬಿಡಲಾಗದಿದ್ದರೆ ಅದಕ್ಕೂ ಒಂದು ಹದವುಂಟು. ಬಟ್ಟೆಯ ನೂಲುಗಳು ಹಾಸುಹೊಕ್ಕಾಗಿ ಇರುವುದರಿಂದ ಉದ್ದಕ್ಕೆ ಎಳೆದರೆ ಬಟ್ಟೆ ಹಿಗ್ಗುವುದಿಲ್ಲ, ಅಡ್ಡಕ್ಕೆ ಎಳೆದರೆ ತುಸುವೇ ಹಿಗ್ಗುತ್ತದೆ, ಓರೆಗೆ ಎಳೆದರೆ ಮಾತ್ರ ಬಹಳ ಹಿಗ್ಗುತ್ತದೆ. ತ್ರಿಕೋನದ ಓರೆಯ ಅಂಚು ಕೈಯಲ್ಲಿಯೇ ಸೊಟ್ಟಗಾಗುವುದು ಇದರಿಂದಲೇ. ಆದುದರಿಂದ ಮೊದಲು ತ್ರಿಕೋನ ಕತ್ತರಿಸದೆ, ಎರಡು ಬಣ್ಣದ ಚೌಕಗಳನ್ನು ಹೊರಮೈ ಒಳಗಾಗುವಂತೆ ಒಂದರ ಮೇಲೊಂದು ಇಟ್ಟು, ಮೂಲೆಯಿಂದ ಮೂಲೆಗೆ ಗೆರೆ ಎಳೆದು, ಗೆರೆಯ ಎರಡೂ ಬದಿಗೆ ಕಾಲು ಇಂಚು ದೂರದಲ್ಲಿ ಹೊಲಿಯಬೇಕು. ಆಮೇಲೆ ಗೆರೆಯ ಮೇಲೆ ಕತ್ತರಿಸಿ ಬಿಡಿಸಿದರೆ ಎರಡು ಬಣ್ಣದ ಎರಡು ಚೌಕಗಳು ಒಮ್ಮೆಗೇ ಸಿದ್ಧ. ಓರೆಯ ಅಂಚು ಹೊಲಿಗೆಯ ಕಾವಲಿನಲ್ಲಿ ಇರುವುದರಿಂದ ಹಿಗ್ಗುವುದಿಲ್ಲ. ಹಿಗ್ಗಿ ಕೆಟ್ಟ ತುಂಡನ್ನು ಎಸೆಯುವ ಪ್ರಸಂಗವೂ ಬರುವುದಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಚೂರುಗಳ ಲೆಕ್ಕ. ಇನ್ನು ಮುಂದೆ ಅಂಗಡಿಯ ಇಡೀ ಬಟ್ಟೆಯ ಲೆಕ್ಕ. ಇಲ್ಲಿ ನಷ್ಟದ ಎರಡನೆಯ ದಾರಿ ತೆರೆದುಕೊಳ್ಳುತ್ತದೆ. ಬಟ್ಟೆಯ ಅಗಲಕ್ಕೆ ಪನ್ನಾ ಎನ್ನುವರಷ್ಟೆ. 36 ಇಂಚು ಪನ್ನಾದ ಬಟ್ಟೆಯಲ್ಲಿ ಎರಡೂ ಬದಿಯ ದಪ್ಪ ಅಂಚನ್ನು ಅರ್ಧರ್ಧ ಇಂಚು ತೆಗೆದರೆ ಉಳಿಯುವುದು 35 ಇಂಚು. ಕತ್ತರಿಸುವ ಚೌಕವು 4 ಇಂಚಿನದೆಂದು ಗೊತ್ತುಮಾಡಿದರೆ ಅಗಲದಲ್ಲಿ ಎಂಟು ಚೌಕಗಳು ಬಂದು 3 ಇಂಚಿನ ಪಟ್ಟಿ ಉಳಿಯುತ್ತದೆ. ಬಟ್ಟೆಯುದ್ದಕ್ಕೂ ನೂರಕ್ಕೆ ಎಂಟೂವರೆ ಪಾಲು ಕೆಲಸಕ್ಕೆ ಬಾರದೆ ಹೋಯಿತು. ಚೌಕವನ್ನು ಅರ್ಧ ಇಂಚು ಇಳಿಸಿ 3½ ಮಾಡಿದರೆ ಸರಿಯಾಗಿ ಹತ್ತು ಚೌಕಗಳು. ಉಳಿಯುವುದು ಏನೂ ಇಲ್ಲ. 44 ಇಂಚು ಪನ್ನಾದಲ್ಲಿಯೂ ಅಂಚು ತೆಗೆದು ಉಳಿದ 43ರಲ್ಲಿ ಹನ್ನೆರಡು ಚೌಕಗಳು ಕೂಡಿ ಒಂದೇ ಇಂಚು ಉಳಿಯುತ್ತದೆ. ಆದುದರಿಂದ ಚೌಕದ ಅಳತೆಯನ್ನು ಮೊದಲು ಗೊತ್ತುಮಾಡಿ ಬಟ್ಟೆಗೆ ಕೈ ಹಾಕುವುದು ತಲೆಕೆಳಗಾದ ಕ್ರಮ. ಮೊದಲು ಪನ್ನಾವನ್ನು ಭಾಗಿಸಬೇಕು. ಚೌಕದ ಅಳತೆ ಅದರಿಂದ ಹುಟ್ಟಿಬರಬೇಕು.

ಬಟ್ಟೆಯ ಜೊತೆಗೆ ಹೊತ್ತನ್ನೂ ಉಳಿಸುವ ಉಪಾಯವೊಂದಿದೆ. ಕೆಂಪು ಬಿಳಿ ಚೌಕಗಳ ಕೌದಿ ಬೇಕೆಂದಿಟ್ಟುಕೊಳ್ಳೋಣ. ಒಂದೊಂದೇ ಚೌಕವನ್ನು ಬಿಡಿಬಿಡಿಯಾಗಿ ಕತ್ತರಿಸಿ ಕೂಡಿಸುವ ಬದಲು 3½ ಇಂಚು ಅಗಲದ ಉದ್ದ ಪಟ್ಟಿಗಳನ್ನು ಮಾಡಬೇಕು. ಒಂದು ಕೆಂಪು ಪಟ್ಟಿಗೂ ಒಂದು ಬಿಳಿ ಪಟ್ಟಿಗೂ ಉದ್ದನೆಯ ಒಂದೇ ಹೊಲಿಗೆ ಹಾಕಬೇಕು. ಆಮೇಲೆ ಆ ಜೋಡಿಪಟ್ಟಿಯನ್ನು ಅಡ್ಡಕ್ಕೆ 3½ ಇಂಚಿಗೊಂದರಂತೆ ಕತ್ತರಿಸಿದರೆ ಪ್ರತಿಯೊಂದರಲ್ಲಿಯೂ ಒಂದು ಕೆಂಪು, ಒಂದು ಬಿಳಿ ಆಗಲೇ ಕೂಡಿಕೊಂಡಿರುತ್ತವೆ. ಇಂಥ ಎರಡನ್ನು ತಿರುವುಮುರುವಾಗಿ ಇಟ್ಟು ಹೊಲಿದರೆ ಒಂದು ಮನೆ ಆಯಿತು. ಹೊಲಿಗೆಯು ತುಂಡುತುಂಡಾಗಿ ನಿಲ್ಲದೆ ಒಂದೇ ಸಮನೆ ಸಾಗುವುದರಿಂದ ಪ್ರತಿಸಲವೂ ದಾರ ಕಡಿದು ಗಂಟು ಹಾಕುವ ಕೆಲಸವಿಲ್ಲ. ಅಮೆರಿಕದ ಫ್ಲೋರಿಡಾ ಪ್ರಾಂತದ ಸೆಮಿನೋಲ್ ಎಂಬ ಮೂಲನಿವಾಸಿಗಳ ಹೆಂಗಸರು ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿಯೇ ಹೊಲಿಗೆಯ ಯಂತ್ರದ ಮೇಲೆ ಪಟ್ಟಿಗಳನ್ನು ಹೀಗೆ ಕೂಡಿಸಿ, ಕತ್ತರಿಸಿ, ಮತ್ತೆ ಕೂಡಿಸಿ ಉಡುಪುಗಳನ್ನು ಮಾಡುತ್ತಿದ್ದರು. 1979ರಲ್ಲಿ ಜಪಾನಿನ ಓಲ್ಫಾ ಕಂಪನಿಯು ಚಕ್ರದಂತೆ ಉರುಳುವ ಅಲಗಿನ ಸಾಧನವನ್ನು ಮಾಡಿದ ಮೇಲೆ ಪಟ್ಟಿ ಕತ್ತರಿಸುವುದು ಇನ್ನೂ ಸುಲಭವಾಯಿತು. ನಮ್ಮಲ್ಲಿ ಸಿಂಪಿಗರ ಕತ್ತರಿಯಿಂದಲೇ ಈ ಕೆಲಸ ಚೆನ್ನಾಗಿ ಸಾಗುತ್ತದೆ.

ಈ ಲೆಕ್ಕವೆಲ್ಲ ಒಂದು ಸಲ ನಿಜವಾದ ಪರೀಕ್ಷೆಗೆ ಒಳಗಾದುದನ್ನು ಇಲ್ಲಿ ಹೇಳಬೇಕು. ಕಳೆದ ಬೇಸಿಗೆಯ ರಜೆಯಲ್ಲಿ ಪೇಟೆಯ ಅಂಗಡಿಯೊಂದು 60 ಇಂಚು ಅಗಲ, 84 ಇಂಚು ಉದ್ದದ ಕೌದಿಯೊಂದನ್ನು ಹೊಲಿದುಕೊಡಲು ಅವ್ವನಿಗೆ ಒಪ್ಪಿಸಿತು. 6 ಇಂಚಿನ ಮನೆಗಳು ಅಡ್ಡಕ್ಕೆ ಹತ್ತು, ಉದ್ದಕ್ಕೆ ಹದಿನಾಲ್ಕು, ಒಟ್ಟು 140. ಪ್ರತಿ ಮನೆಯಲ್ಲಿ ಎರಡು ಕೆಂಪು, ಎರಡು ಬಿಳಿ ಚೌಕಗಳು. ಅಂದರೆ ಒಂದೊಂದು ಬಣ್ಣದ 280 ಚೌಕಗಳು ಬೇಕು. ತೊಯಿಸಿ ಒಣಗಿಸಿದ 36 ಇಂಚು ಪನ್ನಾದ ಬಟ್ಟೆಯನ್ನು ಅವರು ಒಂದೊಂದು ಬಣ್ಣದಲ್ಲಿ ಎರಡೂವರೆ ಮೀಟರಿನಂತೆ ಕೊಟ್ಟರು. ನಾನು ನೋಟುಪುಸ್ತಕ ತೆಗೆದು ಲೆಕ್ಕ ಹಾಕಿದೆ. ಅಗಲದಲ್ಲಿ ಹತ್ತು ಚೌಕ. 280ಕ್ಕೆ 28 ಸಾಲು. 28 ಸಾಲಿಗೆ ಬೇಕಾದ ಉದ್ದ 98 ಇಂಚು. ಎರಡೂವರೆ ಮೀಟರೆಂದರೆ 98.4 ಇಂಚು. ಅರ್ಧ ಇಂಚಿಗಿಂತಲೂ ಕಡಿಮೆ ಬಟ್ಟೆ ಮಾತ್ರ ಹೆಚ್ಚಿಗೆ ಇತ್ತು. ಆದರೂ ಕಾಗದದ ಮೇಲೆ ಬಟ್ಟೆ ಸಾಲುತ್ತಿತ್ತು.

ಆದರೆ ಬಟ್ಟೆಯು ಕಾಗದದಂತೆ ನೇರವಾಗಿರಲಿಲ್ಲ. ಅಂಗಡಿಯಲ್ಲಿ ಅಳೆದು ಕತ್ತರಿಸಿದವರು ಓರೆಯಾಗಿ ಕತ್ತರಿಸಿದ್ದರು. ಎರಡೂ ಬಣ್ಣದ ಬಟ್ಟೆಗಳು ಒಂದು ಬದಿಯಿಂದ ಇನ್ನೊಂದು ಬದಿಗೆ ಹೋಗುವಷ್ಟರಲ್ಲಿ 2 ಇಂಚು ಇಳಿದಿದ್ದವು. ಎರಡು ಕೊನೆಗಳೂ ಒಂದೇ ದಿಕ್ಕಿಗೆ ಇಳಿದಿದ್ದವು. ರೂಢಿಯಂತೆ ಮೊದಲು ಕೊನೆಗಳನ್ನು ಪನ್ನಾದುದ್ದಕ್ಕೂ ನೇರ ಮಾಡಿಕೊಂಡರೆ ಉಳಿಯುವುದು 96.4 ಇಂಚು. ಅದರಲ್ಲಿ ಬರುವುದು 27 ಸಾಲು. ಬಣ್ಣಕ್ಕೆ ಹತ್ತರಂತೆ ಇಪ್ಪತ್ತು ಚೌಕಗಳು, ಅಂದರೆ ಐದು ಮನೆಗಳಿಗೆ ಬೇಕಾದಷ್ಟು ಬಟ್ಟೆ ಕಡಿಮೆ ಬೀಳುತ್ತಿತ್ತು. ಆ ಕೊರತೆಯನ್ನು ತುಂಬಿಕೊಡುವುದೆಂದರೆ ಅವ್ವನ ಎರಡು ದಿನದ ಕೂಲಿಯನ್ನು ಬಿಟ್ಟುಕೊಟ್ಟಂತೆ. ಅಂಗಡಿಗೆ ಹೋಗಿ ಹೇಳಿದರೆ, “ಅಳದ ಕೊಟ್ಟೇವಿ” ಎಂಬ ಉತ್ತರ ಬರುವುದೆಂದು ಅವ್ವನಿಗೆ ಮೊದಲೇ ಗೊತ್ತಿತ್ತು.

ಆಗ ಚಿಗವ್ವ ಬಟ್ಟೆಯನ್ನು ನೆಲದ ಮೇಲೆ ಹಾಸಿ ಸ್ವಲ್ಪ ಹೊತ್ತು ನೋಡಿ ಹೇಳಿದಳು: “ಅಡ್ಡ ಯಾಕ ಕತ್ತರಸ್ತೀರಿ? ಉದ್ದಕ ಪಟ್ಟಿ ತಗೀರಿ. ಅರಿವಿ ಸೊಟ್ಟ ಆಗಿದ್ದು ಅಡ್ಡಕ್ಕ, ಉದ್ದಕ್ಕಲ್ಲ. ಆ ಸೊಟ್ಟ ಹತ್ತ ಪಟ್ಟಿಗೆ ಹಂಚಿದರ ಒಂದೊಂದರ ಪಾಲಿಗೆ ಎಷ್ಟ ಬರ್ತೈತಿ?”

ಶಾಲೆಯ ಮೆಟ್ಟಿಲನ್ನು ಹತ್ತದ ಚಿಗವ್ವ ಕೇಳಿದ ಈ ಪ್ರಶ್ನೆಯ ಬೆಲೆಯನ್ನು ನಾನು ಲೆಕ್ಕ ಹಾಕಿದ ಮೇಲೆಯೇ ತಿಳಿದುಕೊಂಡೆನು. ಬಟ್ಟೆಯ ಕೊನೆಗಳು ಎಷ್ಟೇ ಓರೆಯಾಗಿರಲಿ, ಎರಡೂ ಕೊನೆಗಳು ಒಂದೇ ರೀತಿಯಲ್ಲಿ ಓರೆಯಾಗಿದ್ದರೆ ಹಾಸಿನ ಪ್ರತಿಯೊಂದು ನೂಲೂ 98.4 ಇಂಚು ಉದ್ದವಾಗಿಯೇ ಇರುತ್ತದೆ. ಮೊದಲು ಅಂಚಿಗೆ ಸಮನಾಗಿ ಉದ್ದಕ್ಕೆ ಕತ್ತರಿಸಿ 3½ ಇಂಚು ಅಗಲದ ಹತ್ತು ಪಟ್ಟಿಗಳನ್ನು ಮಾಡಿದರೆ, 36 ಇಂಚಿನಲ್ಲಿ 2 ಇಂಚು ಇದ್ದ ಓರೆಯು ಒಂದು ಪಟ್ಟಿಯ ಅಗಲದಲ್ಲಿ ಸುಮಾರು 0.2 ಇಂಚು ಮಾತ್ರ. ಒಂದೊಂದು ಪಟ್ಟಿಯನ್ನೂ ಬೇರೆಬೇರೆಯಾಗಿ ನೇರ ಮಾಡಿದರೆ ಉಳಿಯುವುದು 98.2 ಇಂಚು. ಬೇಕಾದುದು 98. ಪ್ರತಿ ಪಟ್ಟಿಯಲ್ಲಿ 28 ಚೌಕಗಳು, ಹತ್ತು ಪಟ್ಟಿಯಲ್ಲಿ 280. ಒಂದು ಕೆಂಪು ಪಟ್ಟಿಗೆ ಒಂದು ಬಿಳಿ ಪಟ್ಟಿಯನ್ನು ಕೂಡಿಸಿದರೆ ಹತ್ತೇ ಹೊಲಿಗೆಗಳಲ್ಲಿ 280 ಜೋಡಿಗಳು, ಅವುಗಳಿಂದ 140 ಮನೆಗಳು. ಉದ್ದದ ನೂಲು ಹಿಗ್ಗುವುದಿಲ್ಲವಾದ್ದರಿಂದ ಹೊಲಿಗೆಯೂ ನೇರವಾಗಿ ಬಂದಿತು. ಅದೇ ಬಟ್ಟೆ, ಅದೇ ಕತ್ತರಿ, ಅದೇ ಚೌಕ. ಬದಲಾದುದು ಯಾವುದು ಮೊದಲು, ಯಾವುದು ಆಮೇಲೆ ಎಂಬ ಕ್ರಮ ಒಂದೇ. ಕೌದಿಯು ಪೂರ್ಣವಾಗಿ ಅಂಗಡಿಗೆ ಹೋಯಿತು. ಕೂಲಿಯೂ ಪೂರ್ಣವಾಗಿ ಬಂದಿತು.

ಇಷ್ಟೆಲ್ಲ ಅಳತೆಯ ಗೊಡವೆಯೇ ಇಲ್ಲದ ಇನ್ನೊಂದು ಪದ್ಧತಿಯು ನಮ್ಮ ನಾಡಿನಲ್ಲಿಯೇ ಇದೆ. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡುಗಳ ಕಡೆಯಲ್ಲಿ ಸಿದ್ದಿ ಜನರಿದ್ದಾರೆ. ಅವರ ಪೂರ್ವಿಕರು ಆಫ್ರಿಕದಿಂದ ಬಂದವರು. 2003ರಲ್ಲಿ ಈ ಜಿಲ್ಲೆಯ ಸಿದ್ದಿಗಳನ್ನು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಲಾಯಿತು. ಆ ಹೆಂಗಸರು ಹೊಲಿಯುವ ಹೊದಿಕೆಗೆ ಕವಂಡಿ ಎಂದು ಹೆಸರು. ಅವರು ಮೊದಲು ಮನೆಗಳನ್ನು ಕೂಡಿಸಿ, ಆಮೇಲೆ ಅವನ್ನು ಜೋಡಿಸುವುದಿಲ್ಲ. ತಳಕ್ಕೆ ಹಳೆಯ ಸೀರೆಯನ್ನು ಹಾಸಿ, ಒಂದು ಬದಿಯಿಂದ ತೊಡಗಿ, ಕೈಗೆ ಬಂದ ತುಂಡನ್ನು ಅಂಚು ಮಡಿಸಿ ಇಟ್ಟು ಹೊಲಿಯುತ್ತ, ಅದರ ಅಂಚಿನ ಮೇಲೆ ಇನ್ನೊಂದನ್ನು ಇಟ್ಟು ಹೊಲಿಯುತ್ತ, ಸುತ್ತಲೂ ತಿರುಗಿ ತಿರುಗಿ ಕೊನೆಗೆ ನಡುವಿಗೆ ಬಂದು ಮುಗಿಸುತ್ತಾರೆ. ತುಂಡು ಕೂಡಿಸುವ ಹೊಲಿಗೆಯೂ ಪದರುಗಳನ್ನು ಬಿಗಿಯುವ ಹೊಲಿಗೆಯೂ ಅಲ್ಲಿ ಒಂದೇ. ತುಂಡು ಉದ್ದವಿರಲಿ, ಗಿಡ್ಡವಿರಲಿ, ಮೂಲೆ ಸೊಟ್ಟಗಿರಲಿ, ಅದಕ್ಕೆ ಅಲ್ಲಿ ಜಾಗವುಂಟು. ಚೌಕ ಮಾಡಲೆಂದು ಮೂಲೆಗಳನ್ನು ಕತ್ತರಿಸಿ ಎಸೆಯುವ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ.

ಎರಡು ಪದ್ಧತಿಗಳನ್ನು ಹೋಲಿಸಿ ನೋಡಿದರೆ ಒಂದು ತತ್ತ್ವವು ಸ್ಪಷ್ಟವಾಗುತ್ತದೆ. ಬಟ್ಟೆ ಹಾಳಾಗುವುದು ಕತ್ತರಿಯಿಂದಲ್ಲ. ಬಟ್ಟೆಯನ್ನು ನೋಡುವ ಮೊದಲೇ ಮಾಡಿಟ್ಟುಕೊಂಡ ನಿರ್ಧಾರದಿಂದ. ಸಿದ್ದಿ ಹೆಂಗಸು ತುಂಡನ್ನು ನೋಡಿ ಜಾಗವನ್ನು ಕೊಡುತ್ತಾಳೆ. ನಮ್ಮ ಚಿಗವ್ವ ಓರೆಯನ್ನು ನೋಡಿ ಕತ್ತರಿಯ ದಿಕ್ಕನ್ನು ತಿರುಗಿಸುತ್ತಾಳೆ. “ಅರಿವೀನ್ನ ಕೇಳಿ ಕತ್ತರಿ ಹಿಡೀಬೇಕು” ಎಂಬ ಅವಳ ಮಾತಿನಲ್ಲಿ ಇಡೀ ವಿದ್ಯೆಯು ಅಡಗಿದೆ. ಪನ್ನಾವನ್ನು ಭಾಗಿಸಿ ಚೌಕವನ್ನು ಗೊತ್ತುಮಾಡುವುದು, ದೊಡ್ಡದನ್ನು ಚಿಕ್ಕದು ಮಾಡದಿರುವುದು, ಚಿಕ್ಕವು ಕೂಡಿ ದೊಡ್ಡದಾಗುವಂತೆ ಅಳತೆಗಳನ್ನು ಇಟ್ಟುಕೊಳ್ಳುವುದು, ಓರೆಯನ್ನು ಒಂದೇ ಕಡೆ ತೀರಿಸದೆ ಹಂಚಿ ಸಣ್ಣದು ಮಾಡುವುದು ಇವೆಲ್ಲ ಆ ಒಂದು ಮಾತಿನ ಟೀಕೆಗಳೇ ಆಗಿವೆ.

ಮಿತವ್ಯಯವೆಂದರೆ ಜಿಪುಣತನವೆಂದು ಮಾತ್ರ ಯಾರೂ ತಿಳಿಯಬಾರದು. ಸಿದ್ದಿ ಹೆಂಗಸರು ಕವಂಡಿಯನ್ನು ಮುಗಿಸಿದ ಮೇಲೆ ಅದರ ನಾಲ್ಕು ಮೂಲೆಗಳಲ್ಲಿಯೂ ಬಣ್ಣದ ಚೂರುಗಳನ್ನು ಮಡಿಸಿ ಪದರುಪದರಾಗಿ ಹಚ್ಚುತ್ತಾರೆ. ಅದಕ್ಕೆ ‘ಫುಲ’, ಅಂದರೆ ಹೂವು, ಎಂದು ಹೆಸರು. ಅದರಿಂದ ಹೊದ್ದವರಿಗೆ ಬೆಚ್ಚಗಾಗುವುದಿಲ್ಲ. ಲೆಕ್ಕದಂತೆ ನೋಡಿದರೆ ಅದು ವ್ಯರ್ಥವೇ. ಆದರೂ ಅದಿಲ್ಲದ ಕವಂಡಿಯನ್ನು ಅವರು ಬತ್ತಲೆಯೆಂದು ಭಾವಿಸುತ್ತಾರೆ. ನಮ್ಮ ಅವ್ವನೂ ಎಷ್ಟೇ ಅವಸರವಿದ್ದರೂ ಕೂಸಿನ ಕೌದಿಯ ನಡುವೆ ಒಂದು ಕೆಂಪು ಚೌಕವನ್ನು ಹುಡುಕಿ ಇಡುತ್ತಾಳೆ. ಉಳಿದೆಲ್ಲ ಕಡೆ ಕಾಳಿನಷ್ಟು ಬಟ್ಟೆಯನ್ನೂ ಉಳಿಸುವವರು ಹೂವಿಗೆಂದು ಧಾರಾಳವಾಗಿ ಬಿಡುತ್ತಾರೆ. ಬೇಕಾದ ಕಡೆ ಬಿಡಲು ಸಾಧ್ಯವಾಗಲೆಂದೇ ಬೇಡದ ಕಡೆ ಉಳಿಸುವುದು. ಅರ್ಥಶಾಸ್ತ್ರವನ್ನು ಓದುವ ನಾವು ಇದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಕೊನೆಯದಾಗಿ ಸಹಪಾಠಿಗಳಲ್ಲಿ ಒಂದು ವಿನಂತಿ. ನಿಮ್ಮಲ್ಲಿ ಅನೇಕರ ಮನೆಯಲ್ಲಿ ಕೌದಿ ಹೊಲಿಯುವ ಅಜ್ಜಿಯೋ ಅತ್ತೆಯೋ ಇದ್ದಾರು. ಅವರ ಬಳಿ ಕುಳಿತು ಅವರ ಅಳತೆಗಳನ್ನು ಕೇಳಿ ಬರೆದಿಟ್ಟುಕೊಳ್ಳಿರಿ. ಗೇಣು, ಬೆರಳು, ಕಾಳು ಎಂದು ಅವರು ಹೇಳುವುದನ್ನು ಇಂಚಿಗೆ ಇಳಿಸಿ ನೋಡಿರಿ. ಅಂಗಡಿಯ ಬಟ್ಟೆ ಬಂದಾಗ ಕತ್ತರಿಯನ್ನು ಹಿಡಿಯುವ ಮೊದಲೇ ಅದು ಸಾಲುವುದೋ ಇಲ್ಲವೋ ಎಂದು ಲೆಕ್ಕ ಹಾಕಿ, ಓರೆಯಿದ್ದರೆ ಅದನ್ನೂ ಅಳೆದು, ಚೀಟಿಯಲ್ಲಿ ಬರೆದುಕೊಡಿರಿ. ಕೈಯ ಜಾಣತನ ಅವರಲ್ಲಿದೆ. ಚೀಟಿಯ ಜಾಣತನ ನಮಗೆ ಕಾಲೇಜಿನಿಂದ ಬಂದಿದೆ. ಕೊಟ್ಟ ಬಟ್ಟೆ ಎಷ್ಟು, ಬೇಕಾದುದು ಎಷ್ಟು ಎಂಬುದು ಬರವಣಿಗೆಯಲ್ಲಿ ಇದ್ದರೆ ಹೊಲಿದವಳ ಕೂಲಿಯನ್ನು ಮುರಿದುಕೊಳ್ಳುವುದು ಅಷ್ಟು ಸುಲಭವಲ್ಲ. ಈ ಎರಡು ಜಾಣತನಗಳನ್ನು ಕೂಡಿಸಿ ಹೊಲಿಯುವ ಕೆಲಸವಾದರೂ ನಮ್ಮಿಂದ ಆಗಲಿ.